ಎಂಟು ಗೇಣಿನ ಬೋರ್ಡು

ಪುಣೆಯ ಶನಿವಾರ ಪೇಟೆಯಲ್ಲಿ ಆ ಕಾಲಕ್ಕೆ ಮನುಷ್ಯನಿಗೆ ಸ್ವಂತ ಮನೆ ಇಲ್ಲದಿದ್ದರೂ ನಡೆಯುತ್ತಿತ್ತು, ಬೋರ್ಡು ಇಲ್ಲದಿದ್ದರೆ ನಡೆಯುತ್ತಿರಲಿಲ್ಲ. ವಕೀಲರು, ಡಾಕ್ಟರರು, ಪೆನ್ಶನ್ ಸಿಕ್ಕವರು, ಪೆನ್ಶನ್ ಸಿಗದೆ ಅರ್ಜಿ ಗುಜರಾಯಿಸಿದವರು, ಎಲ್ಲರೂ ಬಾಗಿಲ ಮೇಲೆ ತಮ್ಮ ಹೆಸರನ್ನೂ ಅದರ ಮುಂದೆ ಪದವಿಯನ್ನೂ ಇಂಗ್ಲಿಷಿನಲ್ಲಿ ಬರೆಸಿ ತೂಗುಹಾಕಿ, ಒಳಗೆ ನಿಶ್ಚಿಂತೆಯಿಂದ ಮಲಗುತ್ತಿದ್ದರು. ಇಂಥ ಊರಿಗೆ ಹುಕ್ಕೇರಿ ಕಡೆಯ ಒಂದು ಹಳ್ಳಿಯಿಂದ ನಮ್ಮ ಮಲಕಪ್ಪ ಬಿ.ಎ. ಓದಲು ಬಂದ.

ಅವನು ಬಿ.ಎ. ಆಗಬೇಕೆಂದು ತೀರ್ಮಾನಿಸಿದವಳು ಅವನ ತಾಯಿ ಕಲ್ಲವ್ವ. ಬಿ.ಎ. ಅಂದರೆ ಏನೆಂದು ಆಕೆಗೆ ತಿಳಿದಿರಲಿಲ್ಲ. ಆದರೆ ಒಮ್ಮೆ ತಾಲೂಕಿನ ಮಾಮಲೇದಾರ ಸಾಹೇಬರು ಕುದುರೆ ಏರಿ ಅವರ ಹಳ್ಳಿಗೆ ಬಂದಾಗ, ಯಾರಿಗೂ ಎದ್ದು ನಿಲ್ಲದ ಊರ ಗೌಡ ದಡಬಡಿಸಿ ಎದ್ದು, ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಓಡಿದ್ದನ್ನು ಆಕೆ ಕಣ್ಣಾರೆ ಕಂಡಿದ್ದಳು. "ನನ್ನ ಮಗಾ ಬಂದ್ರೂ ಮಂದಿ ಹಿಂಗ ಎದ್ದು ನಿಲ್ಲಬೇಕು," ಎಂದು ಆಕೆ ಅವತ್ತೇ ಹಟ ಹಿಡಿದಳು. ಅದಕ್ಕೆ ಮೊದಲು ಬಿ.ಎ. ಆಗಬೇಕಾಗುತ್ತದೆ ಎಂದು ಶಾಲೆಯ ಮಾಸ್ತರರು ಹೇಳಿದರು. ಸರಿ, ಹುಡುಗನನ್ನು ರೈಲು ಹತ್ತಿಸಿದಳು.

ಕಾಲೇಜಿನಲ್ಲಿ ಯಾವ ವಿಷಯ ತೆಗೆದುಕೊಳ್ಳಬೇಕೆಂದು ಮಲಕಪ್ಪ ಬಹಳ ಯೋಚಿಸಲಿಲ್ಲ. ಗಣಿತದ ಅರ್ಜಿ ಕೊಡುವವರ ಸಾಲು ಸುಡುವ ಬಿಸಿಲಿನಲ್ಲಿತ್ತು. ಇತಿಹಾಸದ ಸಾಲು ರಸ್ತೆಯವರೆಗೂ ಹೋಗಿತ್ತು. ತರ್ಕಶಾಸ್ತ್ರದ ಸಾಲಿನಲ್ಲಿ ನಾಲ್ಕೇ ಜನ, ಅದೂ ಬೇವಿನ ಗಿಡದ ನೆರಳಿನಲ್ಲಿ. ಮಲಕಪ್ಪ ತರ್ಕಶಾಸ್ತ್ರದ ವಿದ್ಯಾರ್ಥಿಯಾದ. ಆ ವಿಷಯದಲ್ಲಿ ಅವನು ತರ್ಕಬದ್ಧವಾಗಿ ನಡೆದುಕೊಂಡದ್ದು ಅದೊಂದೇ ಸಲ.

ಪುಣೆಯಲ್ಲಿ ಅವನಿಗೆ ದೊಡ್ಡ ಆಧಾರ ಎಂದರೆ ಸೋದರಮಾವ ಈರಬಸಪ್ಪ. ಭವಾನಿ ಪೇಟೆಯಲ್ಲಿ ಬೆಲ್ಲದ ದೊಡ್ಡ ವ್ಯಾಪಾರ. ಪೆಂಟೆಯನ್ನು, ಅಂದರೆ ಬೆಲ್ಲದ ದೊಡ್ಡ ಅಚ್ಚನ್ನು, ಬೆರಳಿನಿಂದ ತಟ್ಟಿ, ಇದು ಯಾವ ಊರ ಗಾಣದ್ದು ಎಂದು ಹೇಳುವ ಗಟ್ಟಿಗ. ಕನ್ನಡ ಬರುತ್ತಿತ್ತು, ಲೆಕ್ಕ ಬರೆಯುವಷ್ಟು ಮರಾಠಿ ಬರುತ್ತಿತ್ತು, ಇಂಗ್ಲಿಷ್ ಮಾತ್ರ ಅವರ ಪಾಲಿಗೆ ಇರುವೆ ಹರಿದ ಹಾಗೆ. ಅವರ ಒಬ್ಬಳೇ ಮಗಳು ಸ್ವರ್ಣಲತಾ. ಹುಡುಗಿಯರ ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದಳು. ಸೋದರಮಾವನ ಮಗಳೆಂದರೆ ನಮ್ಮ ಕಡೆ ಹಕ್ಕಿನ ಹೆಣ್ಣು. ಮಲಕಪ್ಪ ಆಕೆಯನ್ನು ಬಿಟ್ಟು ಬೇರೆ ಯಾರನ್ನೂ ಮದುವೆಯಾಗುವುದಿಲ್ಲವೆಂದು ಆಕೆ ತೊಟ್ಟಿಲಿನಲ್ಲಿದ್ದಾಗಿನಿಂದ ನಿರ್ಧರಿಸಿದ್ದ. ಈರಬಸಪ್ಪನವರದು ಒಂದೇ ಶರತ್ತು.

"ಹಕ್ಕು ಹಕ್ಕೇ. ಆದ್ರ ಬಾಗಿಲಿಗೆ ಬೋರ್ಡು ಹತ್ತಬೇಕು. ಅದರ ಮ್ಯಾಲ ಬಿ.ಎ. ಅಂತ ಇರಬೇಕು. ಅವತ್ತ ಎಲಿ-ಅಡಿಕಿ ತಗೊಂಡು ನಾನ ಬರ್ತೀನಿ."

ಬೋರ್ಡಿನ ಹಲಗೆಯನ್ನೂ ಅವರೇ ಕೊಟ್ಟರು. ಅಂಗಡಿಯ ಹಳೆಯ ಬೋರ್ಡು ಅದು. ಒಳ್ಳೆಯ ಸಾಗುವಾನಿ, ಎಂಟು ಗೇಣು ಉದ್ದ. ಒಂದು ಮಗ್ಗುಲಿಗೆ ಮರಾಠಿಯಲ್ಲಿ 'ಬೆಲ್ಲದ ವ್ಯಾಪಾರಿ' ಎಂದು ಇನ್ನೂ ಕೆಂಪಗೆ ಹೊಳೆಯುತ್ತಿತ್ತು. ಇನ್ನೊಂದು ಮಗ್ಗುಲು ಖಾಲಿ.

ಬಿ.ಎ. ಪರೀಕ್ಷೆ ಮುಗಿದು ಫಲಿತಾಂಶ ಇನ್ನೂ ಬಂದಿರಲಿಲ್ಲ. ಬೋರ್ಡು ಬರೆಯುವ ಹರಿಶ್ಚಂದ್ರ ಮರುದಿನವೇ ಪಾಲಖಿಯ ಜೊತೆ ಪಂಢರಪುರಕ್ಕೆ ನಡೆದು ಹೊರಡುವವನಿದ್ದ, ಮರಳಿ ಬರುವುದು ಒಂದು ತಿಂಗಳಿಗೆ. ಮಲಕಪ್ಪ ಗಡಿಬಿಡಿಗೆ ಬಿದ್ದ.

"ಹೆಂಗಿದ್ರೂ ಪಾಸ್ ಆಗೂದ ಅದ. ಬರದು ಬಿಡ್ರಿ," ಎಂದ.

ಹರಿಶ್ಚಂದ್ರ ಕುಂಚ ಅದ್ದದೆ ಮುಖ ನೋಡಿದ. "ನನ್ನ ಕೈಯಿಂದ ಸುಳ್ಳು ಬೋರ್ಡು ಒಂದೂ ಆಗಿಲ್ಲ ನೋಡ್ರಿ. ಆಗ್ತೀರಲ್ಲ?"

"ಆಗ್ತೀನ್ರಿ."

ಹೆಸರು ಮೂರು ಗೇಣು ಹಿಡಿಯಿತು, ಬಿ.ಎ. ಒಂದು ಗೇಣು. ಉಳಿದ ನಾಲ್ಕು ಗೇಣನ್ನು ಮುಂದಿನ ದೊಡ್ಡ ಪದವಿಗಳಿಗೆಂದು ಮಲಕಪ್ಪ ಕಾಯ್ದಿರಿಸಿದ. ಶನಿವಾರ ಪೇಟೆಯ ಒಂದು ಹಳೆಯ ವಾಡೆ ಮನೆಯಲ್ಲಿ ಅವನು ಹಿಡಿದಿದ್ದ ಬಾಡಿಗೆ ಕೋಣೆಯ ಬಾಗಿಲ ಮೇಲೆ ಬೋರ್ಡು ಏರಿತು. ಎಂಟನೆಯ ದಿನ ಫಲಿತಾಂಶ ಪತ್ರಿಕೆಯಲ್ಲಿ ಬಂತು. ತರ್ಕಶಾಸ್ತ್ರದಲ್ಲಿ ಮಲಕಪ್ಪ ನಾಪಾಸಾಗಿದ್ದ.

ಮೂರು ವಾರ ಆ ಬೋರ್ಡಿನ ಮೇಲೆ ಒಂದು ಒದ್ದೆ ಧೋತರ ಒಣಗುತ್ತಲೇ ಇತ್ತು. ವಾಡೆಯ ಒಡತಿ ಗೋದಾಬಾಯಿ, "ಈ ಹುಡುಗನ ಧೋತರಕ್ಕೆ ಏನು ರೋಗವೋ, ಒಣಗುವುದೇ ಇಲ್ಲ," ಎಂದು ಗಂಡನ ಹತ್ತಿರ ಮರುಗಿದಳು. ಹರಿಶ್ಚಂದ್ರ ಪಂಢರಪುರದಿಂದ ಬಂದವನೇ ಸುದ್ದಿ ಕೇಳಿ ಕಿವಿ ಮುಚ್ಚಿಕೊಂಡ.

"ಬಿ.ಎ. ಅಳಿಸ್ರಿ," ಎಂದು ಮಲಕಪ್ಪ ಅಂಗಲಾಚಿದ.

"ಅಳಿಸಿದ್ರ ಕಲೆ ಉಳೀತದ. ಹೋಗೋ ಬರೋರು ಏನಿತ್ತು ಏನಿತ್ತು ಅಂತ ಕೇಳ್ತಾರ. ಅದಕಿಂತ ಮುಂದ ನಾಪಾಸ್ ಅಂತ ಇಂಗ್ಲಿಷಿನ್ಯಾಗ ಬರದ್ರ ಆತು. ಮಂದಿ ಬರಸ್ತಾರ್ರಿ! ನಾರಾಯಣ ಪೇಟ್ಯಾಗ ಒಬ್ಬ ಸಾಹುಕಾರ ಹಿತ್ತಾಳಿ ಒಳಗ ಕೊರಸ್ಯಾನ. ಬಿ.ಎ. ತನಕಾ ಹೋಗಿ ಬಿದ್ದವಾ ಅಂದ್ರ ಕಡಿಮಿ ಮಾತಲ್ಲ."

ಅದು ಸುಳ್ಳೇನಲ್ಲ. ಆ ಕಾಲಕ್ಕೆ ಬಿ.ಎ. ನಾಪಾಸೂ ಒಂದು ಪದವಿಯೇ ಆಗಿತ್ತು. ಹರಿಶ್ಚಂದ್ರ ಬಿ.ಎ. ಪಕ್ಕದಲ್ಲಿ ಆರು ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ 'ಫೇಲ್ಡ್' ಎಂದು ಬರೆದು ಕೈ ತೊಳೆದುಕೊಂಡ. ಸರಿಯಾಗಿ ಒಂದು ಗೇಣು.

ಅದೇ ಭಾನುವಾರ ಈರಬಸಪ್ಪ, ಹೆಂಡತಿ ಚನ್ನಬಸವ್ವ, ಸ್ವರ್ಣಲತಾ ಟಾಂಗಾದಿಂದ ಇಳಿದರು. ಚನ್ನಬಸವ್ವನಿಗೆ ಮರಾಠಿ ಬಾರದು, ಆದ್ದರಿಂದ ಎಲ್ಲಿ ಹೋದರೂ ಮಗಳನ್ನು ಬಾಯಿಯ ಹಾಗೆ ಕರೆದುಕೊಂಡೇ ಹೋಗುವಳು. ಮಲಕಪ್ಪ ಬಾಗಿಲಲ್ಲಿ ಕೈಮುಗಿದು ನಿಂತ. ಸತ್ಯ ಹೇಳಿಬಿಡಬೇಕೆಂದು ಬೆಳಗಿನಿಂದ ಬಾಯಿಪಾಠ ಮಾಡಿಕೊಂಡಿದ್ದ.

"ಮಾವಾರ, ಒಂದ್ ಮಾತು…"

"ಸುಮ್ನಿರು," ಎಂದು ಈರಬಸಪ್ಪ ಕತ್ತೆತ್ತಿ ಬೋರ್ಡು ನೋಡಿದರು. ಹೆಸರಿನ ಮುಂದಿನ ಅಕ್ಷರಗಳನ್ನು ಬೆರಳು ಮಡಿಚಿ ಎಣಿಸಿದರು. "ಏನೋ ಇದು! ಬಿ.ಎ. ಅಂದ್ರ ಎರಡ ಅಕ್ಷರ ಅಂದಿದ್ದಿ. ಇಲ್ಲಿ ಎಂಟ ಅವ!"

"ಅದ ಹೇಳಾಕ ಬಂದ್ನಿರಿ…"

"ಹೇಳೂದೇನದ? ಒಂದ ವರ್ಷಕ್ಕ ಎರಡ ಪದವಿ! ಯಕ್ಕಾ ಎಂಥಾ ಮಗನ್ನ ಹಡದಾಳ!" ಈರಬಸಪ್ಪನವರ ಕಣ್ಣು ತುಂಬಿ ಬಂತು. ಅವರು ಕೆಳಗಿನಿಂದಲೇ ಗೇಣು ಹಾಕಿ ಅಳೆದರು. "ಐದ ಗೇಣು ತುಂಬೇದ. ಇನ್ನ ಮೂರು ಖಾಲಿ ಅದ. ನಮ್ಮ ಧಂದ್ಯಾದಾಗ ಅರ್ಧಾ ತುಂಬಿದ ಗಾಡಿ ಪ್ಯಾಟಿಗಿ ಹೊಡ್ಯೂದಿಲ್ಲ, ಮಲಕಪ್ಪಾ. ಇಷ್ಟ ಲಗೂ ಪದವಿ ತರಾವ ನೀ, ಉಳದ ಮೂರು ಗೇಣೂ ತುಂಬು. ತುಂಬಿದ ದಿನಾ ನಿಶ್ಚಯ ಮಾಡೇ ಬಿಡೂಣು."

ಮಲಕಪ್ಪ ಸಹಾಯಕ್ಕಾಗಿ ಸ್ವರ್ಣಲತಾಳ ಕಡೆ ನೋಡಿದ. ಆಕೆ ಬೋರ್ಡನ್ನು ಒಂದು ಸಲ ಓದಿದಳು, ಅವನನ್ನು ಒಂದು ಸಲ ಓದಿದಳು, ಸೆರಗನ್ನು ಬಾಯಿಗೆ ಒತ್ತಿಕೊಂಡು ಸರಕ್ಕನೆ ಗೋದಾಬಾಯಿಯ ಅಡಿಗೆಮನೆಗೆ ಹೋಗಿಬಿಟ್ಟಳು. ಅಲ್ಲಿಂದ ಬಹಳ ಹೊತ್ತಿನವರೆಗೆ ಕೆಮ್ಮು ಕೇಳಿಸಿತು.

ವಾಡೆಯ ಮಾಲೀಕ ಏಕನಾಥರಾವ್ ಧಾರವಾಡದ ಕಚೇರಿಯಲ್ಲಿ ನೌಕರಿ ಮಾಡಿ ನಿವೃತ್ತರಾದವರು, ಕನ್ನಡ ಬಲ್ಲವರು, ಇಂಗ್ಲಿಷಂತೂ ಸರಿಯೇ. ಅವರಿಗೆ ಬೋರ್ಡಿನ ಅರ್ಥ ಗೊತ್ತಿತ್ತು. ಆದರೆ ಈರಬಸಪ್ಪನವರಿಗೂ ಗೊತ್ತಿರುತ್ತದೆ ಎಂದೇ ಅವರು ತಿಳಿದಿದ್ದರು. "ಹುಡುಗಾ ಭಾಳ ಕಷ್ಟಾ ಪಟ್ಟಾನ್ರಿ," ಎಂದು ಸಮಾಧಾನದ ಮಾತು ಹೇಳಿದರು. ಈರಬಸಪ್ಪ ಅದನ್ನು ಹೊಗಳಿಕೆಯೆಂದು ಸ್ವೀಕರಿಸಿ, ಎರಡು ಪೆಂಟೆ ಬೆಲ್ಲ ಕಳಿಸುವುದಾಗಿ ಮಾತು ಕೊಟ್ಟರು.

ಹೀಗೆ ನಮ್ಮ ಮಲಕಪ್ಪ ಜಗತ್ತಿನಲ್ಲಿ ಯಾವ ವಿದ್ಯಾರ್ಥಿಯೂ ಸಿಕ್ಕಿಬೀಳದ ಪೇಚಿಗೆ ಸಿಕ್ಕಿಬಿದ್ದ. ಪಾಸಾದರೆ ಬೋರ್ಡು ತುಂಬುವುದಿಲ್ಲ. ಬೋರ್ಡು ತುಂಬದಿದ್ದರೆ ಮದುವೆ ಇಲ್ಲ. ಒಂದು ಸಲ ನಾಪಾಸಾದರೆ ಒಂದು ಗೇಣು.

ಎರಡನೆಯ ವರ್ಷ ಅವನು ಪ್ರಾಮಾಣಿಕವಾಗಿ ಓದಿ ಪ್ರಾಮಾಣಿಕವಾಗಿ ನಾಪಾಸಾದ. ಹರಿಶ್ಚಂದ್ರ ಅದೇ ಆರು ಅಕ್ಷರವನ್ನು ಇನ್ನೊಮ್ಮೆ ಬರೆದ. ಮೂರನೆಯ ವರ್ಷ ಇಂಗ್ಲಿಷಿನಲ್ಲಿ ಮುಗ್ಗರಿಸಿದ, ಇನ್ನೊಂದು ಗೇಣು ತುಂಬಿತು. ಈರಬಸಪ್ಪ ಸೂಕ್ಷ್ಮದೃಷ್ಟಿಯವರು. ಮೂರೂ ಪದ ಒಂದೇ ಎಂಬುದನ್ನು ಗುರುತಿಸಿದರು.

"ಅದ ಪದವೀನ ಸರಕಾರ ಮೂರ ಸಲಾ ಕೊಟ್ಟದ!" ಎಂದು ಭವಾನಿ ಪೇಟೆಯ ಅಂಗಡಿ ಅಂಗಡಿಗೂ ಹೇಳಿ ಬಂದರು. "ಒಂದ ಸಲಾ ಎಲ್ಲಾರಿಗೂ ಕೊಡ್ತಾರಪಾ. ಮೂರ ಸಲಾ ಯಾರಿಗೆ ಕೊಡ್ತಾರ?"

ಆ ನಡುವೆ ಪುಣೆಯ ಪಕ್ಕದ ಖಡಕಿಯ ಒಂದು ಕಚೇರಿಯಲ್ಲಿ ಮಲಕಪ್ಪನಿಗೆ ಹಂಗಾಮಿ ಕಾರಕೂನಿಕೆಯೂ ಸಿಕ್ಕಿತ್ತು. ಹೆಡ್ ಕ್ಲಾರ್ಕ್ ಪಂಢರಿನಾಥ ಇವನ ಅರ್ಜಿಯನ್ನು ಓದಿ ಸಂತೋಷಪಟ್ಟಿದ್ದ. "ಪಾಸಾದವರು ಎರಡು ತಿಂಗಳಿಗೆ ಬಿಟ್ಟುಹೋಗುತ್ತಾರೆ, ಇದ್ದಷ್ಟು ದಿನ ಸಾಹೇಬರಿಗೇ ಇಂಗ್ಲಿಷ್ ಕಲಿಸುತ್ತಾರೆ. ನಾಪಾಸಾದವರೇ ಚಲೋ, ತಲೆ ಬಗ್ಗಿಸಿ ಬರೆಯುತ್ತಾರೆ. ನೀನಂತೂ ಮೂರು ಸಲ! ಇಂಥ ಮನುಷ್ಯ ಸಿಗುವುದು ಅಪರೂಪ," ಎಂದಿದ್ದ.

ಆಗಲೇ ಬೆಳಗಾವಿಯಿಂದ ಶಿವಪುತ್ರಪ್ಪನೆಂಬ ವಕೀಲನ ಸಂಬಂಧ ಬಂತು. ಬಿ.ಎ., ಎಲ್‌ಎಲ್.ಬಿ., ಬೆಳ್ಳಿಯ ಹಿಡಿಕೆಯ ಬೆತ್ತ. ಈರಬಸಪ್ಪ ಹೇಳಿಕಳಿಸಿದ ಉತ್ತರ ಪೇಟೆಯಲ್ಲೆಲ್ಲ ಹಬ್ಬಿತು: "ಅವಂದು ಎಣಿಸಿದ್ರ ಐದ ಅಕ್ಷರ ಆಗ್ತಾವ. ನನ್ನ ಅಳಿಯಂದು ಇಪ್ಪತ್ತ ಅವ. ಇನ್ನ ಆರು ಬರೂವ ಅವ."

ಪಾಪ, ಮಲಕಪ್ಪನಿಗೆ ಈಗ ಉಳಿದದ್ದು ಒಂದೇ ಗೇಣು, ಒಂದೇ ನಾಪಾಸು. ನಾಲ್ಕನೆಯ ವರ್ಷ ಜೀವನದಲ್ಲಿ ಮೊದಲ ಸಲ ಒಂದು ಗಟ್ಟಿ ಗುರಿ ಇಟ್ಟುಕೊಂಡು ಪರೀಕ್ಷೆಗೆ ಕುಳಿತ. ಪುಸ್ತಕ ಮುಟ್ಟಲಿಲ್ಲ. ಮೂರು ವರ್ಷ ಉರು ಹೊಡೆದಿದ್ದ ಗೈಡನ್ನು ಬಚ್ಚಲ ಒಲೆಗೆ ಹಾಕಿದ. ತರ್ಕಶಾಸ್ತ್ರದಲ್ಲಿ ತನಗೆ ತೋಚಿದ್ದನ್ನು ಬರೆದ. ಇಂಗ್ಲಿಷಿನಲ್ಲಿ, ನೀವು ಕಂಡ ಒಂದು ಉದ್ಯೋಗದ ಬಗ್ಗೆ ಪ್ರಬಂಧ ಬರೆಯಿರಿ ಎಂದಿತ್ತು. ಹೋಗಲಿ ಅತ್ತ ಎಂದು ಮಾವನ ಬೆಲ್ಲದ ಅಂಗಡಿಯನ್ನೇ ಬರೆದ. ಪೆಂಟೆ ತಟ್ಟುವುದು, ಹಮಾಲರ ಜಗಳ, ನೊಣ, ಜೋನಿ ಬೆಲ್ಲದ ಡಬ್ಬಿ ಒಡೆದು ಮಾರವಾಡಿಯ ಪಗಡಿ ಅಂಟಿಕೊಂಡದ್ದು, ಯಾವುದನ್ನೂ ಬಿಡಲಿಲ್ಲ. ಖಂಡಿತ ನಾಪಾಸು ಎಂದು ಸಂತೋಷದಿಂದ ಹೊರಬಂದು, ಎರಡು ಬಟ್ಟಲು ಚಹಾ ಕುಡಿದ.

ಪರೀಕ್ಷಕರ ಮನಸ್ಸಿನಲ್ಲಿ ಏನಿತ್ತೋ ಆ ದೇವರಿಗೇ ಗೊತ್ತು. ಎರಡನೆಯ ವರ್ಗದಲ್ಲಿ ಪಾಸು ಮಾಡಿಬಿಟ್ಟರು.

ಪತ್ರಿಕೆ ನೋಡಿದ ಮಲಕಪ್ಪ ಕಟ್ಟೆಯ ಮೇಲೆ ಕುಸಿದು ಕುಳಿತ. ಏಕನಾಥರಾವ್ ಆನಂದದಿಂದ ಕುಣಿದಾಡಿ ಪೇಡೆ ತರಲು ಓಡಿದರು. ಓಡುವ ಮುಂಚೆ ಭವಾನಿ ಪೇಟೆಗೆ ಮನುಷ್ಯನನ್ನೂ ಅಟ್ಟಿದರು: ಫಲಿತಾಂಶ ಬಂದಿದೆ, ನಾಳೆಯೇ ಬರಬೇಕು. ಹರಿಶ್ಚಂದ್ರನೂ ಸುದ್ದಿ ತಿಳಿದು, ಕರೆಯದಿದ್ದರೂ ಏಣಿ ಹೊತ್ತುಕೊಂಡು ಬಂದ.

"ಯಾಕ ಬಂದ್ರಿ?" ಮಲಕಪ್ಪ ಕಟ್ಟೆಯಿಂದ ಎದ್ದು ಏಣಿಗೆ ಅಡ್ಡ ನಿಂತ.

"ಪಾಸಾದ ಮನುಷ್ಯಾನ ಬಾಗಲಿಗೆ ನಾಪಾಸಂತ ನನ್ನ ಕೈಯಕ್ಷರ ಇರಬಾರದು. ಕಲೆ ಉಳದ್ರೂ ಚಿಂತಿಲ್ಲ, ಮೂರರ ಮ್ಯಾಲೂ ಬಿಳಿ ಬಣ್ಣಾ ಬಳದು ಹಾಕ್ತೀನಿ."

"ಬ್ಯಾಡ್ರಿ! ಇರ್ಲಿ ಬಿಡ್ರಿ! ಕೈ ಮುಗೀತೀನಿ, ಇನ್ನೊಂದ ಬರೀರಿ ಬೇಕಾದ್ರ!"

"ಆಗದ ಮಾತು," ಎಂದು ಆ ಸತ್ಯವಂತ ಏಣಿ ಹತ್ತಿದ. ಮಲಕಪ್ಪ ಏಣಿಯ ಕೆಳಗಿನ ಮೆಟ್ಟಿಲು ಹಿಡಿದು ಜಗ್ಗಿದ. ಪಕ್ಕದ ವಾಡೆಯವರು ಕಿಟಕಿಯಿಂದ ನೋಡಿ, ಪಾಸಾದ ಸಂತೋಷಕ್ಕೆ ಹುಡುಗನಿಗೆ ತಲೆ ಕೆಟ್ಟಿದೆ ಎಂದರು. ಅರ್ಧ ಗಂಟೆಯಲ್ಲಿ ಎಂಟು ಗೇಣಿನ ಬೋರ್ಡಿನಲ್ಲಿ ನಾಲ್ಕು ಗೇಣು ಬೋಳಾಯಿತು. ಮರುದಿನ ಬೆಳಿಗ್ಗೆ ಖಡಕಿಯಲ್ಲಿ ಪಂಢರಿನಾಥನೂ ಕಣ್ಣೀರು ಹಾಕಿ, "ನಿನ್ನಿಂದ ಇದನ್ನು ನಿರೀಕ್ಷಿಸಿರಲಿಲ್ಲ," ಎಂದು ಹಂಗಾಮಿ ನೌಕರಿಯಿಂದ ಬಿಡುಗಡೆ ಮಾಡಿದ.

ಅದೇ ಮಧ್ಯಾಹ್ನ ಎರಡು ಟಾಂಗಾ ಬಂದು ನಿಂತವು. ಮೊದಲನೆಯದರಿಂದ ಈರಬಸಪ್ಪ, ಚನ್ನಬಸವ್ವ, ಸ್ವರ್ಣಲತಾ. ಎರಡನೆಯದರಿಂದ ಪೇಟೆಯ ಹಿರಿಯ ಕಾಂತಪ್ಪ, ಜೊತೆಗೆ ಮತ್ತಿಬ್ಬರು. ಎಲೆ, ಅಡಿಕೆ, ಕೊಬ್ಬರಿ ಬಟ್ಟಲು, ಐದು ಪೆಂಟೆ ಬೆಲ್ಲ. ಈರಬಸಪ್ಪ ಹೊಸ ಪಟಕಾ ಸುತ್ತಿದ್ದರು. ಕಾಂತಪ್ಪನ ಹೆಗಲು ಹಿಡಿದು ಬಾಗಿಲ ಮುಂದೆ ನಿಲ್ಲಿಸಿ, "ನೋಡ್ರಿ ಈಗ, ಇಪ್ಪತ್ತಾರ ಅಕ್ಷರ!" ಎಂದು ಬೆರಳು ಎತ್ತಿದರು.

ಬೆರಳು ಎತ್ತಿದಲ್ಲೇ ನಿಂತಿತು.

"ಉಳದಿದ್ದೆಲ್ಲಾ ಎಲ್ಲಿ ಹೋತೋ?" ಎಂದರು. ದನಿ ಸಣ್ಣದಾಗಿತ್ತು.

"ತಗದಾರ್ರಿ, ಮಾವಾರ."

"ಯಾರು ತಗಿಸಿದ್ರು? ಸರಕಾರದಾವ್ರ?"

ಕಾಂತಪ್ಪ ಲೋಕಾನುಭವಿ. ತಲೆ ಅಲ್ಲಾಡಿಸಿದರು. "ಹುಡುಗಾ ಸ್ವರಾಜ್ಯದ ಚಳವಳ್ಯಾಗ ಸೇರಿರಬೇಕ್ರಿ, ಈರಬಸಪ್ಪಾರ. ಪೋಲೀಸ್ರು ಬಂದು ಪದವಿ ಜಪ್ತ ಮಾಡ್ಯಾರ. ಎರಡಕ್ಷರ ಹೊಟ್ಟಿಪಾಡಿಗಿ ಬಿಟ್ಟಾರ."

ಚನ್ನಬಸವ್ವ ಅಲ್ಲೇ ಕಟ್ಟೆಯ ಮೇಲೆ ಕುಳಿತು, "ಅಯ್ಯ ಶಿವನ, ಹದಿನೆಂಟ ಅಕ್ಷರಾ ಹೋದ್ವಲ್ಲೋ!" ಎಂದು ಅಳಲು ಶುರುಮಾಡಿದಳು. ಇದೇ ಶುಭಮುಹೂರ್ತದಲ್ಲಿ ಏಕನಾಥರಾವ್ ಪೇಡೆಯ ತಟ್ಟೆ ಹಿಡಿದು ಹೊರಗೆ ಬಂದರು.

"ಅಭಿನಂದನ, ಅಭಿನಂದನ! ನಾಕನೇ ಸಲಕ್ಕರೆ ಹುಡುಗಾ ಪಾಸ್ ಆದ ನೋಡ್ರಿ!"

ಕಾಂತಪ್ಪನ ಕೈಗೆ ಬಂದ ಪೇಡೆ ಬಾಯಿಯವರೆಗೆ ಹೋಗಿ ನಿಂತಿತು. ಈರಬಸಪ್ಪ ನಿಧಾನವಾಗಿ ತಿರುಗಿದರು.

"ಈಗ ಪಾಸ್ ಆದ? ಹಂಗಾರ ಇಷ್ಟ ದಿನಾ ಏನಾಗಿದ್ದ?"

ಏಕನಾಥರಾವ್ ಮೂವತ್ತು ವರ್ಷ ಕಚೇರಿಯಲ್ಲಿ ಕೆಲಸ ಮಾಡಿದವರು. ಯಾವಾಗ ಎದ್ದು ಹೋಗಬೇಕೆಂದು ಗೊತ್ತಿದ್ದವರು. ತಟ್ಟೆಯನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದರು. ಮಲಕಪ್ಪ ಒಬ್ಬನೇ ಉಳಿದ. ನಾಲ್ಕು ವರ್ಷದ ತರ್ಕಶಾಸ್ತ್ರದಲ್ಲಿ ಆ ಗಳಿಗೆಗೆ ನೆನಪಾದದ್ದು ಒಂದೇ ವಾಕ್ಯ.

"ಮನುಷ್ಯಾರೆಲ್ಲಾ ಸಾಯಾವ್ರು, ಮಾವಾರ…"

"ನೀ ಮೊದಲ ಸಾಯ್ತಿ!" ಎಂದು ಈರಬಸಪ್ಪ ಕೊಡೆ ಎತ್ತಿದರು.

"ಅಪ್ಪಾ, ಕೊಡಿ ಇಳಿಸ್ರಿ," ಎಂದಳು ಸ್ವರ್ಣಲತಾ. ಆಕೆ ಅಳುತ್ತಿರಲಿಲ್ಲ, ನಗುತ್ತಲೂ ಇರಲಿಲ್ಲ. "ಅವು ಪದವಿ ಅಲ್ಲ. ನಾಪಾಸ್ ಅಂತ ಬರದಿತ್ತು. ಮೂರೂ ಸಲಾ ಅದ."

"ನಿನಗ ಯಾವಾಗ ಗೊತ್ತಾತು?"

"ಮೊದಲನೇ ದಿನಾನ. ನನ್ನ ಗಣಿತದ ಪೇಪರಿನ ಮ್ಯಾಲೂ ನಮ್ಮ ಸಾಲಿ ಬಾಯಾರು ಅದನ್ನ ಬರೀತಾರ."

"ಮೂರ ವರ್ಷಾ ಬಾಯಾಗ ಏನಿಟ್ಟಕೊಂಡಿದ್ದಿ? ಯಾಕ ಹೇಳಲಿಲ್ಲ?"

ಸ್ವರ್ಣಲತಾ ನೆಲ ನೋಡಿದಳು. ಆದರೆ ಮಾತು ಗಟ್ಟಿಯಾಗಿಯೇ ಬಂತು. "ಹೇಳಿದ್ರ ನನ್ನ ಆ ಐದ ಅಕ್ಷರದಾವಗ ಕೊಡ್ತಿದ್ರಿ."

ಮಲಕಪ್ಪನಿಗೆ ಬಿ.ಎ. ಪಾಸಾಗಿದ್ದಕ್ಕೆ ಆ ಕ್ಷಣದಲ್ಲಿ ಮೊದಲ ಸಲ ಸಂತೋಷವಾಯಿತು. ಈರಬಸಪ್ಪ ಮಗಳನ್ನು ನೋಡಿದರು, ಬೋರ್ಡನ್ನು ನೋಡಿದರು, ಕೊನೆಗೆ ಪೇಟೆಯ ಹಿರಿಯರನ್ನು ನೋಡಿದರು. ಸಂಬಂಧ ಮುರಿಯಬೇಕೆಂದರೆ ಯಾಕೆ ಎಂದು ಪೇಟೆಗೆ ಹೇಳಬೇಕು. ಹೇಳಿದರೆ ಮೂರು ವರ್ಷ ತಾವು ಡಂಗುರ ಸಾರಿದ್ದು ಅಳಿಯನ ನಾಪಾಸನ್ನು ಎಂದಾಗುತ್ತದೆ.

"ಪ್ಯಾಟ್ಯಾಗ ಏನ್ ಹೇಳೂದ್ರಿ, ಕಾಂತಪ್ಪಾರ?" ಎಂದರು.

ಕಾಂತಪ್ಪ ಪೇಡೆಯನ್ನು ಕೊನೆಗೂ ಬಾಯಿಗೆ ಹಾಕಿಕೊಂಡರು. "ಏನೂ ಹೇಳೂದ ಬ್ಯಾಡ್ರಿ. ನಾನೂ ನಮ್ಮ ಬೀಗರ ಮುಂದ ಇಪ್ಪತ್ತ ಅಕ್ಷರಂತ ಕೊಚ್ಚಿಕೊಂಡೇನಿ. ಈಗ ಎಲಿ-ಅಡಿಕಿ ಹಂಚ್ರಿ, ಬೋರ್ಡ್ ಇಳಿಸ್ರಿ."

ಎಲೆ-ಅಡಿಕೆ ಹಂಚಿದರು. ಸ್ವರ್ಣಲತಾಳ ಉಡಿಗೆ ಕೊಬ್ಬರಿ ಬಟ್ಟಲು ಬಿತ್ತು. ಬೋರ್ಡು ಇಳಿಸುವಾಗ ಮಲಕಪ್ಪ ತಡವರಿಸುತ್ತ, "ಮಾವಾರ, ಮಾಮಲೇದಾರಕಿಗೆ ಇನ್ನೊಂದ ಪರೀಕ್ಷಾ ಅದರಿ. ನಾಕ ಗೇಣು ಖಾಲಿನೂ ಅದ…" ಎಂದ.

"ಬ್ಯಾಡೋ ಮಾರಾಯಾ!" ಈರಬಸಪ್ಪ ಎರಡೂ ಕೈ ಜೋಡಿಸಿದರು. "ಆ ಖಾಲಿ ಜಾಗಾ ನೋಡಿದ್ರ ನನಗ ನಡಕ ಬರ್ತದ. ನಾಳಿಂದ ಅಂಗಡಿಗಿ ಬಾ."

ಬೋರ್ಡು ಭವಾನಿ ಪೇಟೆಗೆ ವಾಪಸು ಹೋಗಿ ಅಂಗಡಿಯ ಬಾಗಿಲಲ್ಲಿ ತೂಗಿತು. ಹೊರಮಗ್ಗುಲಿಗೆ 'ಬೆಲ್ಲದ ವ್ಯಾಪಾರಿ', ಒಳಮಗ್ಗುಲಿಗೆ ಮಲಕಪ್ಪನ ಹೆಸರು ಮತ್ತು ಬಿ.ಎ. ಗಾದಿಯ ಮೇಲೆ ಕುಳಿತವನಿಗೆ ಮಾತ್ರ ಅದು ಕಾಣುತ್ತಿತ್ತು. ಗಾದಿಯ ಮೇಲೆ ಕುಳಿತವನು ಮಲಕಪ್ಪನೇ ಆದ್ದರಿಂದ, ದಿನವಿಡೀ ತನ್ನ ಪದವಿಯನ್ನು ತಾನೇ ಓದಿಕೊಳ್ಳುವ ಭಾಗ್ಯ ಅವನದಾಯಿತು.

ಮದುವೆಯಾದ ಮೇಲೆ ಕಲ್ಲವ್ವ ಒಮ್ಮೆ ಪುಣೆಗೆ ಬಂದಳು. ಆಕೆ ಅಂಗಡಿಯೊಳಗೆ ಸೊಸೆಯ ಪಕ್ಕದಲ್ಲಿ ಕುಳಿತಿದ್ದಾಗ ಮಲಕಪ್ಪ ಊಟ ಮುಗಿಸಿ ಬಂದ. ಗಾದಿಯ ಮೇಲೆ ಬಿದ್ದುಕೊಂಡು ಎಲೆ ಅಡಿಕೆ ಹಾಕುತ್ತಿದ್ದ ಹಮಾಲರು ದಡಬಡಿಸಿ ಎದ್ದು ನಿಂತರು. ಒಬ್ಬನಂತೂ ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಓಡಿದ. ಕಲ್ಲವ್ವನ ಮುಖ ಅರಳಿತು. ಕತ್ತೆತ್ತಿ ಬೋರ್ಡಿನ ಒಳಮಗ್ಗುಲನ್ನು ಬಹಳ ಹೊತ್ತು ನೋಡಿದಳು.

"ಏನಂತ ಬರದದ, ಸ್ವರ್ಣಾ?"

"ನಿಮ್ಮ ಮಗನ ಹೆಸರ ಅದರಿ, ಅತ್ತಿ. ಮುಂದ ಬಿ.ಎ. ಅಂತ ಅದ."

"ಅದರ ಮುಂದ, ಅಲ್ಲಿ ಬೆಳ್ಳಗದಲ್ಲಾ, ಅಲ್ಲೇನದ?"

ಸ್ವರ್ಣಲತಾ ಗಂಡನ ಮುಖ ನೋಡಿದಳು. ಅವನು ಪೆಂಟೆ ತಟ್ಟುತ್ತ ತಲೆ ಬಗ್ಗಿಸಿದ್ದ. "ಅದು ಮಾಮಲೇದಾರ ಅಂತರಿ, ಅತ್ತಿ. ಭಾಳ ದೊಡ್ಡ ಹುದ್ದಾ ಅದು, ಹಗಲಿಗೆ ಕಣ್ಣಿಗೆ ಕಾಣಸೂದಿಲ್ಲ," ಎಂದಳು.

ಕಲ್ಲವ್ವ ಆ ನಾಲ್ಕು ಗೇಣಿಗೆ ಕೈಮುಗಿದು, ಊರಲ್ಲಿ ಹಂಚಲು ಎರಡು ಪೆಂಟೆ ಬೆಲ್ಲ ಕಟ್ಟಿಸಿಕೊಂಡು, ಸಂಜೆಯ ಗಾಡಿಗೆ ಹೊರಟಳು.